ಹುಳ ತಿನ್ನುವ ಹಕ್ಕಿ

ನೂರೈವತ್ತು ಚಿಟ್ಟೆ ಇಟ್ಟ ಮೊಟ್ಟೆಯ ಚಾಕಿ ಹುಳಕ್ಕೆ, ಅಂದರೆ ಎಳೆಯ ರೇಷ್ಮೆ ಹುಳಕ್ಕೆ, ಆರು ಸಾವಿರ. ಹುಳದ ಮನೆ ತೊಳೆಯಲು ಬ್ಲೀಚಿಂಗ್ ಪುಡಿ, ಸುಣ್ಣ, ಔಷಧಿ ಎಲ್ಲ ಸೇರಿ ಎರಡು ಸಾವಿರ. ಹಿಪ್ಪುನೇರಳೆ ಸೊಪ್ಪು ನಮ್ಮ ತೋಟದ್ದೇ, ಆದರೆ ಕುಯ್ಯುವ ಕೈ ನಮ್ಮದಲ್ಲ. ಕೂಲಿ ನಾಲ್ಕು ಸಾವಿರ. ಕೊನೆಗೆ ಹುಳ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಬೇಕು, ಅದರ ಬಾಡಿಗೆ ಎರಡು ಸಾವಿರ. ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಸಾಗಿಸುವ ಆಟೋಗೆ ಒಂದು ಸಾವಿರ. ಹೀಗೆ ಹದಿನೈದು ಸಾವಿರ ನಮ್ಮ ಕೈಬಿಟ್ಟು ಹೋದ ಮೇಲೆ ರೇಷ್ಮೆ ಹುಳ ತನ್ನ ಮನೆ ಕಟ್ಟಿಕೊಳ್ಳುತ್ತದೆ.

ಆ ಬೇಸಗೆಯಲ್ಲಿ ಅದೇ ಸೂರಿನ ಕೆಳಗೆ ಒಂದು ಜೋಡಿ ಹಕ್ಕಿಯೂ ಮನೆ ಕಟ್ಟಿತು. ಮಣ್ಣು ನಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕೆಸರು. ಹಾಸಿಗೆ ನಮ್ಮ ಕೋಳಿಯ ಪುಕ್ಕ. ಬಾಡಿಗೆ ಇಲ್ಲ, ಕೂಲಿ ಇಲ್ಲ, ಕೇಳಿದವರೂ ಇಲ್ಲ.

ನಮ್ಮೂರು ಚನ್ನಪಟ್ಟಣದಿಂದ ಕಣ್ವದ ಕಡೆಗೆ ಹೋಗುವ ದಾರಿಯಲ್ಲಿದೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಹುಳ ಸಾಕಿದ್ದೇನೆ. ಈಗ ಮಂಡಿ ನೋವು, ಹುಳ ಸಾಕುವ ಮೇಲಿನ ತಟ್ಟೆಗೆ ಕೈ ಎಟುಕುವುದಿಲ್ಲ. ನನ್ನ ಸೊಸೆ ಭಾನುಪ್ರಿಯ ಸೋಲೂರಿನವಳು. ಅಲ್ಲಿ ತೆಂಗು, ಹಸು, ಹಾಲು; ಅವರ ಮನೆಯಲ್ಲಿ ಹುಳ ಸಾಕಿದವರಿಲ್ಲ. ಮದುವೆಯಾಗಿ ಬಂದ ಮೇಲೆ ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಗಿನ ಜಾವ ಎದ್ದು, ಮುದ್ದೆ ತಿರುವಿಟ್ಟು, ಮುಖಕ್ಕೆ ನೀರು ಎರಚಿಕೊಂಡು ಬಸ್ಸಿಗೆ ಓಡಬೇಕು. ಸಂಜೆ ಬಂದವಳ ಬೆನ್ನು ಸೂಜಿಯ ಹಾಗೆ ಬಗ್ಗಿರುತ್ತಿತ್ತು. ಒಂದು ದಿನ ಅವಳು ಮಾವನ ಮುಂದೆ ನಿಂತು ಹೇಳಿಯೇಬಿಟ್ಟಳು.

"ಮಾವ, ಒಂದು ಬೆಳೆ ನನ್ನ ಕೈಗೆ ಕೊಡಿ. ಚಾಕಿಯಿಂದ ಮಾರ್ಕೆಟ್ ಗಂಟ ನಾನೇ ನೋಡ್ಕೋತೀನಿ."

ನಮ್ಮ ಯಜಮಾನರು ಬೋರಲಿಂಗಯ್ಯನವರು. ಒಳ್ಳೆಯ ಮನುಷ್ಯ, ಆದರೆ ಯಾವುದನ್ನೂ ಸುಲಭಕ್ಕೆ ಬಿಟ್ಟುಕೊಡುವವರಲ್ಲ. ಬಾಯೊಳಗಿನ ಎಲೆಯಡಿಕೆ ಮುಗಿಯುವವರೆಗೂ ಯೋಚಿಸಿದರು.

"ಒಂದು ಬೆಳೆ ಕೊಡ್ತೀನಿ ಕಣವ್ವ. ಬಂದ್ರೆ ಹುಳದ ಮನೆ ಬೀಗದ ಕೈ ನಿಂದು. ಹೋದ್ರೆ ಮತ್ತೆ ಬಸ್ಸು."

"ಆಯ್ತು," ಅಂದಳು ಭಾನು. ಆ ಬೆಳೆಯ ಮೇಲೆ ನಿಂತಿದ್ದು ಇಷ್ಟೇ: ಬೀಗದ ಕೈ, ಇಲ್ಲವೇ ಬಸ್ಸು.

ನಮ್ಮ ಹುಳದ ಮನೆಯಲ್ಲಿ ಎರಡು ಭಾಗ. ಮುಂದೆ ಸೊಪ್ಪು ಇಡುವ ಚಿಕ್ಕ ಕೋಣೆ. ಅಲ್ಲಿಂದ ಬಲೆಯ ಬಾಗಿಲು ದಾಟಿದರೆ ಹುಳ ಸಾಕುವ ದೊಡ್ಡ ಕೋಣೆ. ದೊಡ್ಡ ಕೋಣೆಯ ಕಿಟಕಿಗಳಿಗೆಲ್ಲ ಬಲೆ ಇದೆ, ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರಬಾರದು ಅಂತ. ಸೊಪ್ಪಿನ ಕೋಣೆಯ ಗವಾಕ್ಷಿಗೆ ಮಾತ್ರ ಬಲೆ ಇರಲಿಲ್ಲ. ಭಾನು ಬ್ಲೀಚಿಂಗ್ ನೀರು ಹಿಡಿದು ತೊಳೆಯಲು ಹೋದಾಗ ಆ ಕೋಣೆಯ ತಾರಸಿಯ ಒಳಮೈಗೆ ಮಣ್ಣಿನ ಗೂಡು ಅಂಟಿಕೊಂಡಿರುವುದು ಕಂಡಳು. ಹೂಜಿಯನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ತಾರಸಿಗೆ ಅಂಟಿಸಿದ ಹಾಗಿತ್ತು. ಹೂಜಿಗಿರುವ ಹಾಗೆ ಕತ್ತೂ ಇತ್ತು. ಆ ಕತ್ತಿನೊಳಗೆ ಒಂದು ಹಕ್ಕಿ ನುಗ್ಗಿತು, ಇನ್ನೊಂದು ಹೊರಗೆ ಬಂತು.

"ಮೊಟ್ಟೆ ಇಟ್ಟೈತೆ ಅತ್ತೆ. ಒಂದು ಎದ್ದೋದ್ರೆ ಇನ್ನೊಂದು ಬಂದು ಕೂತ್ಕತ್ತದೆ. ಈಗ ಹೆಂಗೆ ಕೀಳೋದು?"

"ಕೀಳಬೇಡ ಬುಡು. ಅದರ ಕೆಳಗೆ ಒಂದು ಗೊಬ್ಬರದ ಚೀಲ ಹಾಸು. ಹಿಕ್ಕೆ ಸೊಪ್ಪಿನ ಮೇಲೆ ಬೀಳದಿದ್ರೆ ಆಯ್ತು."

ಯಾವ ಹಕ್ಕಿ ಅನ್ನುವುದರ ಮೇಲೆ ಮನೆಯಲ್ಲಿ ಒಂದು ವಾರ ಮಾತು ನಡೆಯಿತು. ಯಜಮಾನರು ಗುಬ್ಬಚ್ಚಿ ಅಂದರು. ಗುಬ್ಬಚ್ಚಿ ಮಣ್ಣು ಮುಟ್ಟುವುದಿಲ್ಲ, ಹುಲ್ಲು ತುರುಕುತ್ತದೆ ಅಂದೆ ನಾನು. ನನ್ನ ಮಗ ನಟರಾಜು ಬಿಡದಿಯ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬಂದವನು ಕತ್ತಲಲ್ಲೇ ಕತ್ತೆತ್ತಿ ನೋಡಿ, "ಬಾವಲಿ ಮರಿ ಇರ್ಬೇಕು," ಅಂದ. ಅವನ ಹೆಂಡತಿ ಭಾನು ಮುದ್ದೆಯನ್ನು ತಟ್ಟೆಗೆ ಸ್ವಲ್ಪ ಜೋರಾಗಿಯೇ ಹಾಕಿದಳು.

ಚಂದ್ರಿಕೆ ಬಾಡಿಗೆಗೆ ಕೊಡುವ ಗಫಾರ್ ಮಾತ್ರ ಸ್ವಲ್ಪ ಗೊತ್ತಿದ್ದವನ ಹಾಗೆ ಹೇಳಿದ. ಅವನು ಚನ್ನಪಟ್ಟಣದವನು, ಸುತ್ತಲ ಹಳ್ಳಿಗಳಲ್ಲಿ ಅವನ ಆಟೋ ಹೋಗದ ಓಣಿ ಇಲ್ಲ. ಮುಂಗಡ ಮಾತಾಡಲು ಬಂದವನು ಗೂಡಿನ ಕೆಳಗೆ ನಿಂತ.

"ಲಕ್ಷ್ಮಮ್ನೋರೆ, ಇದು ಬೇರೆ ದೇಶದ ಹಕ್ಕಿ. ಚಳಿಗಾಲ್ದಾಗೆ ಕಣ್ವ ಡ್ಯಾಮ್ ಹತ್ರ ಕರೆಂಟ್ ತಂತಿ ಮೇಲೆ ಸಾಲಾಗಿ ಕೂತಿರ್ತವೆ, ಬಟ್ಟೆಗೆ ಕ್ಲಿಪ್ ಹಾಕ್ದಂಗೆ. ಬೇಸಗೆ ಬಂದ್ರೆ ಒಂದೂ ಇರಾಕಿಲ್ಲ. ಎಲ್ಲ ವಾಪಸ್ಸು."

"ವಾಪಸ್ ಹೋಗೋ ಹಕ್ಕಿ ಬೇಸಗೇಲಿ ಇಲ್ಯಾಕೆ ಮೊಟ್ಟೆ ಇಡ್ತದೆ?" ಅಂದೆ.

ಗಫಾರ್ ಗಡ್ಡ ಕೆರೆದುಕೊಂಡ. "ಬಸ್ಸು ತಪ್ಪಿರ್ಬೇಕು," ಅಂದ.

ಹುಳ ಬಂತು. ಎರಡನೇ ಜ್ವರ ಎದ್ದ ಚಾಕಿ ಹುಳ, ಅಕ್ಕಿ ಕಾಳಿಗಿಂತ ಒಸಿ ಉದ್ದ. ಹುಳ ಪೊರೆ ಬಿಡಲು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಹಣ್ಣಾಗಿ ಗೂಡು ಕಟ್ಟುತ್ತದೆ. ಭಾನು ಒಂದು ಹೊತ್ತು ತಪ್ಪದೆ ಸೊಪ್ಪು ಹಾಕಿದಳು. ಒಳಗೆ ಹೋಗುವಾಗ ಕಾಲು ತೊಳೆಯದಿದ್ದರೆ ಸ್ವಂತ ಮಾವನನ್ನೂ ಬಾಗಿಲಲ್ಲೇ ನಿಲ್ಲಿಸಿದಳು. ಇತ್ತ ಗೂಡಿನೊಳಗೆ ಮರಿ ಆದವು. ಸಣ್ಣ ಸದ್ದು ಕೇಳತೊಡಗಿತು, ಬಿಸಿ ಹಂಚಿನ ಮೇಲೆ ಸಾಸಿವೆ ಸಿಡಿದ ಹಾಗೆ. ದೊಡ್ಡ ಹಕ್ಕಿಗಳು ಗವಾಕ್ಷಿಯಿಂದ ಒಳಗೆ, ಗವಾಕ್ಷಿಯಿಂದ ಹೊರಗೆ, ದಿನವಿಡೀ ಅದೇ ಕೆಲಸ.

ಮೂರನೇ ಜ್ವರಕ್ಕೆ ಮುಂಚೆ ಒಂದು ಮಧ್ಯಾಹ್ನ ಭಾನು ಹೊರಗೆ ಬಂದು ಜಗಲಿಯ ಮೇಲೆ ಕುಳಿತಳು. ಮುಖ ಬಾಡಿತ್ತು.

"ಅತ್ತೆ, ಬಾಗಿಲ ಹತ್ರದ ತಟ್ಟೆ ಅಂಚಿನಾಗೆ ಹುಳ ಕಡಿಮೆ ಆಯ್ತಾ ಐತೆ. ನೆನ್ನೆ ತುಂಬಿತ್ತು. ಇವತ್ತು ಬರೀ ಸೊಪ್ಪು ಕಾಣ್ತದೆ."

"ಸೊಪ್ಪಿನ ಕೆಳಗೆ ಅಡಗಿರ್ತವೆ."

"ಎತ್ತಿ ನೋಡ್ದೆ. ಇಲ್ಲ. ಸತ್ತಿದ್ರೆ ಹೆಣ ಆದ್ರೂ ಇರ್ಬೇಕಲ್ಲ."

ಯಜಮಾನರು ಎದ್ದರು. ಕಾಲು ತೊಳೆದುಕೊಂಡು ಒಳಗೆ ಹೋಗಿ, ತಟ್ಟೆ ನೋಡಿ, ಬಾಗಿಲಿನ ಬಲೆ ನೋಡಿ, ಆಚೆ ಸೊಪ್ಪಿನ ಕೋಣೆಯ ತಾರಸಿ ನೋಡಿದರು. ನಾವಿಬ್ಬರೂ ಅವರ ಹಿಂದೆ.

"ಇನ್ಯಾರಮ್ಮಿ? ಆ ಹಕ್ಕಿನೇ. ನೀವು ಸೊಪ್ಪು ಹೊತ್ಕೊಂಡು ಬಾಗ್ಲು ತಗೀತೀರಿ. ಅದು ಸರಕ್ಕಂತ ಒಳಕ್ಕೆ ನುಗ್ತದೆ, ನಾಕು ಹುಳ ಕಚ್ಕೊಂಡು ಓಡ್ತದೆ. ಹಕ್ಕಿನೇ ಕಳ್ಳ."

ಅಷ್ಟರಲ್ಲಿ ಗೋಡೆಯ ಮೇಲೆಲ್ಲೋ ಹಲ್ಲಿ ಲೊಚ್ ಲೊಚ್ ಲೊಚ್ ಎಂದಿತು.

ಯಜಮಾನರು ತಕ್ಷಣ ಬಗ್ಗಿ ಬೆರಳಿನಿಂದ ನೆಲ ಕುಟ್ಟಿದರು. "ಸತ್ಯ, ಸತ್ಯ! ನೋಡ್ದಾ? ಹಲ್ಲಿ ನುಡೀತು. ಇನ್ನು ಬೇರೆ ಸಾಕ್ಷಿ ಬೇಕಾ ನಿಮಗೆ?"

ಹಲ್ಲಿ ನುಡಿದ ಮೇಲೆ ನಮ್ಮ ಮನೆಯಲ್ಲಿ ಯಾವ ಮಾತೂ ಮುಂದಕ್ಕೆ ಹೋಗುವುದಿಲ್ಲ. ಮಗನ ಮದುವೆಯೂ ಹಾಗೆಯೇ ನಿಶ್ಚಯವಾಗಿದ್ದು. ಭಾನುವಿಗೆ ಅದು ಗೊತ್ತು. ಆದರೆ ಅವಳ ಕಿವಿಯಲ್ಲಿ ಆ ಮರಿಗಳ ಸದ್ದೂ ಇತ್ತು. "ಒಂದು ಮಾತು ಚೈತ್ರಾನ ಕೇಳ್ತೀನಿ ಮಾವ," ಅಂದಳು.

ಚೈತ್ರಾ ಅವಳ ಚಿಕ್ಕಪ್ಪನ ಮಗಳು. ಮಾಗಡಿಯಲ್ಲಿ ಬ್ಯಾಂಕ್ ಕೆಲಸ. ಭಾನುವಾರ ಬಂದರೆ ಕೊರಳಿಗೆ ದುರ್ಬೀನು ಹಾಕಿಕೊಂಡು ಸಾವನದುರ್ಗದ ಕಡೆಗೆ ಹಕ್ಕಿ ನೋಡಲು ಹೋಗುವ ಹುಡುಗಿ. ಭಾನು ಗೂಡಿನ ವಿಡಿಯೋ ಕಳಿಸಿದಳು. ಊಟದ ಹೊತ್ತಿಗೆ ಅವಳೇ ಫೋನು ಮಾಡಿದಳು. ಎಲ್ಲರಿಗೂ ಕೇಳುವ ಹಾಗೆ ಭಾನು ಸ್ಪೀಕರ್ ಒತ್ತಿದಳು.

"ಅಕ್ಕಾ! ಎಷ್ಟು ಚೆನ್ನಾಗಿದೆ ಗೊತ್ತಾ! ನಿಮ್ಮ ಮನೆಯೊಳಗೇ ಕಟ್ಟಿದೆಯಾ? ಇರು, ಮೊದಲು ನಾನು ಕೇಳಿದ್ದಕ್ಕೆ ಹೇಳು. ಹಾರುವಾಗ ಬೆನ್ನಿನ ಕೆಳಗೆ, ಬಾಲ ಶುರುವಾಗೋ ಜಾಗದಲ್ಲಿ ಯಾವ ಬಣ್ಣ?"

"ಕೆಂಪು. ಇಟ್ಟಿಗೆ ಪುಡಿ ಬಳಿದಂಗೆ."

"ಬಾಲ ಎರಡು ಕವಲಾ?"

"ಹೂಂ, ಕತ್ತರಿ ಬಿಚ್ಚಿದಂಗೆ."

"ಎದೆ ಮೇಲೆ ಗೆರೆ ಇದೆಯಾ?"

"ಸಣ್ಣ ಸಣ್ಣ ಗೆರೆ ಅವೆ, ಪೆನ್ಸಿಲ್‌ನಾಗೆ ಗೀಚಿದಂಗೆ."

"ಗೂಡಿಗೆ ಕತ್ತಿದೆ, ಅದನ್ನ ನಾನೇ ನೋಡಿದೆ. ಅಲ್ಲಿಗೆ ಮುಗೀತು. ಕತ್ತಿಲ್ಲದೆ ಅರ್ಧ ಬಟ್ಟಲಿನ ಥರ ಇದ್ದಿದ್ದರೆ ಬೇರೆ ಜಾತಿ, ಅದು ಸೇತುವೆ ಕೆಳಗೆ, ನೀರಿನ ಹತ್ತಿರ ಕಟ್ಟುತ್ತೆ, ಅದರ ಬಾಲದಲ್ಲಿ ತಂತಿಯಂಥ ಎರಡು ಗರಿ ಇರುತ್ತೆ. ನಿಮ್ಮದು ಕೆಂಪು ಪೃಷ್ಠದ ಕವಲುತೋಕೆ."

"ಕೆಂಪು ಏನದು?" ಅಂದರು ಯಜಮಾನರು.

"ಪೃಷ್ಠ ಮಾವ. ಅಂದ್ರೆ... ಹಿಂಭಾಗ."

"ತಿಕ ಅನ್ನವ್ವ! ಒಂದು ಹಕ್ಕಿ ತಿಕಕ್ಕೆ ಅಷ್ಟೊಂದು ಸಂಸ್ಕೃತ ಯಾಕೆ?"

ಚೈತ್ರಾ ನಕ್ಕಳು, ಭಾನುವೂ ನಕ್ಕಳು. ಗಫಾರ್ ಹೇಳಿದ್ದನ್ನು ನಾನು ಕೇಳಿದೆ, ಇದು ಬೇರೆ ದೇಶದ್ದಾ ಅಂತ.

"ಅವರು ಹೇಳಿದ್ದು ಅರ್ಧ ಸರಿ ಅತ್ತೆ. ಚಳಿಗಾಲದಲ್ಲಿ ತಂತಿ ತುಂಬ ಕೂರೋದರಲ್ಲಿ ಹೆಚ್ಚಿನವು ಇನ್ನೊಂದು ಜಾತಿ. ಅವಕ್ಕೆ ಗಂಟಲು ಕೆಂಪು, ಹಿಂಭಾಗ ಕೆಂಪಿಲ್ಲ. ಬಹಳ ದೂರ, ಉತ್ತರದ ದೇಶಗಳಿಂದ ಬರ್ತವೆ, ಬೇಸಗೆಗೆ ವಾಪಸ್ ಹೋಗಿ ಅಲ್ಲೇ ಮರಿ ಮಾಡ್ತವೆ. ನಮ್ಮ ಕಡೆ ಅವು ಗೂಡು ಕಟ್ಟೋದೇ ಇಲ್ಲ. ನಿಮ್ಮ ಮನೇಲಿರೋದು ಇಲ್ಲಿಯದೇ. ದೇಶದ ಬೇಕಾದಷ್ಟು ಕಡೆ ಇದೆ, ಬೇಸಗೆಯಿಂದ ಮಳೆಗಾಲದವರೆಗೆ ಹೀಗೆ ಗೋಡೆ, ತಾರಸಿ, ಬಂಡೆಯ ಸಂದು ಹುಡುಕಿ ಕಟ್ಟುತ್ತೆ. ಹಿಮಾಲಯದ ಕಡೆ ಇರೋ ಇದರ ನೆಂಟರು ಚಳಿಗಾಲದಲ್ಲಿ ಕೆಳಗೆ ಬಂದು ಎಲ್ಲರ ಜೊತೆ ತಂತಿ ಮೇಲೆ ಕೂರ್ತಾರೆ. ಅದಕ್ಕೇ ಅವರಿಗೆ ಗೊಂದಲ."

ಹುಡುಗಿ ಚೆನ್ನಾಗಿ ಬಿಡಿಸಿ ಹೇಳಿದಳು. ಆದರೆ ಭಾನುವಿಗೆ ಬೇಕಾಗಿದ್ದು ಒಂದೇ ಮಾತು.

"ಅದೆಲ್ಲ ಇರ್ಲಿ ಚೈತ್ರಾ. ಇದು ಏನ್ ತಿಂತದೆ?"

"ಹುಳ!" ಅಂದಳು ಚೈತ್ರಾ ಸಂತೋಷದಿಂದ. "ಬರೀ ಹುಳ. ಕಾಳು, ಹಣ್ಣು ಏನೂ ಮುಟ್ಟಲ್ಲ. ಅದರಲ್ಲೂ ಮರಿ ಇರುವಾಗ ದಿನಕ್ಕೆ ನೂರಾರು ಹುಳ ಹಿಡಿದು ತಂದು ತಿನ್ನಿಸುತ್ತೆ. ರೈತರಿಗೆ ಎಂಥ ಉಪಕಾರ ಗೊತ್ತಾ!"

ಯಜಮಾನರ ಕೈಯಲ್ಲಿದ್ದ ಅಡಿಕೆ ಕತ್ತರಿ ಹಾಗೆಯೇ ನಿಂತಿತು. "ಉಪ್ಕಾರವಾ?" ಅಂದರು.

"ಹೂಂ ಮಾವ. ಮತ್ತೆ ಒಂದು ವಿಷಯ, ಕೈ ಮುಗಿದು ಕೇಳ್ಕೋತೀನಿ. ಇನ್ನು ಮೂರು ವಾರ ಗೂಡು ಬಿಡಿಸಬೇಡಿ."

"ಮೂರು ವಾರವಾ! ಮೂರು ವಾರ ಗೂಡು ಬಿಡಿಸ್ದೆ ಇದ್ರೆ ಚಿಟ್ಟೆ ತೂತು ಮಾಡ್ಕೊಂಡು ಹಾರೋಯ್ತದೆ. ಮಾರ್ಕೆಟ್ನಾಗೆ ಜೊಲ್ಲು ಸುರ್ಸ್ಕೊಂಡು ನಿಂತ್ಕೊಳಾನಾ? ಯಾರವ್ವ ನಿಂಗೆ ಬ್ಯಾಂಕ್ನಾಗೆ ಕೆಲ್ಸ ಕೊಟ್ಟೋರು?"

"ಚಿಟ್ಟೆನಾ? ಹಕ್ಕಿ ಗೂಡಲ್ಲಿ ಚಿಟ್ಟೆ... ಮಾವ, ಏನಂದ್ರಿ? ಅಯ್ಯೋ, ಕೌಂಟರ್ ಮುಂದೆ ಜನ ನಿಂತುಬಿಟ್ಟರು. ಸಂಜೆ ಮಾಡ್ತೀನಿ ಅಕ್ಕ."

ಫೋನು ಸುಮ್ಮನಾಯಿತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಮನೆಯಲ್ಲಿ ಹುಳ ಎಂದರೆ ಒಂದೇ ಹುಳ, ಗೂಡು ಎಂದರೆ ಒಂದೇ ಗೂಡು, ರೇಷ್ಮೆಯದು; ಬಿಡಿಸುವುದೆಂದರೆ ಅದನ್ನು ಚಂದ್ರಿಕೆಯಿಂದ ಕೀಳುವುದು. ನೊಣವನ್ನು ನೊಣ ಎನ್ನುತ್ತೇವೆ, ಸೊಳ್ಳೆಯನ್ನು ಸೊಳ್ಳೆ ಎನ್ನುತ್ತೇವೆ. ಬೇರೆ ಯಾವುದನ್ನೂ ಬರೀ ಹುಳ ಎಂದು ಕರೆಯುವ ಅಭ್ಯಾಸ ನಮಗಿಲ್ಲ. ಸೋಲೂರಿನಲ್ಲಿ ಹುಟ್ಟಿದ ಭಾನುವೇ ಅದನ್ನು ಮರೆತಿದ್ದಳು. ಆ ಹೊತ್ತಿಗೆ ನನಗೂ ಹೊಳೆಯಲಿಲ್ಲ.

ಭಾನು ಎದ್ದು ಹೋಗಿ ತೆಂಗಿನಕಾಯಿ ಕೀಳುವ ಗಳ ತಂದಳು.

"ಹುಳ ತಿನ್ನೋ ಹಕ್ಕಿನ ಹುಳದ ಮನೇಲೇ ಇಟ್ಕೊಂಡು ಸಾಕ್ತಾ ಇದೀನಿ ಅತ್ತೆ. ನಂದೇ ತಪ್ಪು. ಬಸ್ಸಿಗೆ ಹೋಗೋಕೆ ನಾನು ರೆಡಿ ಇಲ್ಲ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮರಿಗಳ ಮೇಲೆ ಕರುಣೆ ಇರಲಿ, ಅವಳ ಮೇಲೂ ಕರುಣೆ ಬೇಡವೇ? ಆದರೂ ನಾನು ಗಳದ ಇನ್ನೊಂದು ತುದಿ ಹಿಡಿದೆ.

"ಒಂದು ನಿಮಿಷ ನಿಲ್ಲು. ಹುಳ ಕಾಲ್ಕೆಳಗೆ ಸಿಕ್ಕಿ ಸತ್ರೆ ನೆಲ ಯಾವ ಬಣ್ಣ ಆಯ್ತದೆ?"

"ಹಸಿರು."

"ಯಾಕೆ?"

"ಹೊಟ್ಟೆ ತುಂಬ ಸೊಪ್ಪು ಇರ್ತದಲ್ಲ."

"ಹಂಗಾದ್ರೆ ಅದನ್ನ ತಿಂದೋರ ಹಿಕ್ಕೆ ಯಾವ ಬಣ್ಣ ಇರ್ಬೇಕು?"

ಅವಳು ಗಳ ಕೆಳಗಿಟ್ಟಳು. ಇಬ್ಬರೂ ಗೂಡಿನ ಕೆಳಗೆ ಹಾಸಿದ್ದ ಗೊಬ್ಬರದ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕುಳಿತೆವು. ಮನೆಗೆ ಬಂದವರು ನೋಡಿದ್ದರೆ ಅತ್ತೆ ಸೊಸೆಗೆ ಬುದ್ಧಿ ಕೆಟ್ಟಿದೆ ಎನ್ನುತ್ತಿದ್ದರು. ಚೀಲದ ತುಂಬ ಕಪ್ಪು, ಬಿಳಿ. ಕಡ್ಡಿಯಿಂದ ಕೆದಕಿದೆವು. ಅಲ್ಲಲ್ಲಿ ಹೊಳೆಯುವ ಚೂರು, ದಾರದಂಥ ಕಾಲು, ಗಾಜಿನಂಥ ರೆಕ್ಕೆ. ಹಸಿರು ಒಂದು ಚುಕ್ಕೆಯಾದರೂ ಇಲ್ಲ.

"ರೆಕ್ಕೆ ಅತ್ತೆ," ಅಂದಳು ಭಾನು. "ನಮ್ಮ ಹುಳಕ್ಕೆ ಎಲ್ಲೈತೆ ರೆಕ್ಕೆ?"

ನಾನು ಒಳಗಿನಿಂದ ಒಂದು ಎಲೆಯ ಮೇಲೆ ಐದಾರು ಹುಳ ತಂದು ಗವಾಕ್ಷಿಯ ಕೆಳಗಿನ ಕಟ್ಟೆಯ ಮೇಲಿಟ್ಟೆ. ಮೂಲೆಯಲ್ಲಿ ಗೋಣಿಚೀಲದ ಮೇಲೆ ಕುಳಿತು ನೋಡಿದೆವು. ಹಕ್ಕಿ ಬಂತು, ಗೂಡಿನ ಕತ್ತಿಗೆ ಜೋತುಬಿತ್ತು, ಬಾಯಲ್ಲಿದ್ದುದನ್ನು ಮರಿಯ ಬಾಯಿಗೆ ಸುರಿಯಿತು, ಹೋಯಿತು. ಇನ್ನೊಂದು ಬಂತು, ಹೋಯಿತು. ಹುಳದ ಪಕ್ಕದಲ್ಲೇ ರೆಕ್ಕೆ ಸವರಿ ಹೋಗುತ್ತಿದ್ದವು, ಒಂದೂ ಕಣ್ಣು ಹೊರಳಿಸಲಿಲ್ಲ. ಹೊರಗೆ ಊರಿನ ಕಲ್ಯಾಣಿಯ ಹತ್ತಿರ ಹೋಗಿ ನೋಡಿದರೆ ಅದೇ ಹಕ್ಕಿಗಳು ಗಾಳಿಯಲ್ಲೇ ಬಾಯಿ ತೆರೆದು, ಬಳುಕಿ, ಸೊಳ್ಳೆ ನೊಣಗಳನ್ನು ಬಾಚುತ್ತಿದ್ದವು. ನೆಲದ ಮೇಲೆ ಇಳಿದದ್ದು ಒಮ್ಮೆ ಮಾತ್ರ, ಕೆಸರಿನ ಹತ್ತಿರ. ಬಹುಶಃ ಗೂಡಿಗೆ ತೇಪೆ ಹಾಕಲು ಮಣ್ಣು ಬೇಕಾಗಿತ್ತು. ಹಾರದೇ ಇರುವುದು ಆ ಹಕ್ಕಿಯ ಲೆಕ್ಕದಲ್ಲಿ ಊಟವೇ ಅಲ್ಲ.

"ಇದಲ್ಲ ಕಳ್ಳ," ಅಂದೆ.

"ಮತ್ತೆ ಯಾರು?"

"ಹಸಿರು ಎಲ್ಲೈತೋ ಅಲ್ಲಿ ಅವನೆ."

ಮೊಬೈಲಿನ ಟಾರ್ಚ್ ಹಿಡಿದು ದೊಡ್ಡ ಕೋಣೆಯ ಗೋಡೆ ಗೋಡೆ ಹುಡುಕಿದೆವು. ಬಾಗಿಲ ಹತ್ತಿರದ ಗೋಡೆಗೆ ಯಜಮಾನರು ಒಂದು ದೊಡ್ಡ ಕ್ಯಾಲೆಂಡರ್ ತೂಗುಹಾಕಿದ್ದರು, ಜ್ವರದ ದಿನ ಎಣಿಸಲು. ಅದರ ಕೆಳಗೆ ನೆಲದ ಅಂಚಿನಲ್ಲಿ ಜೀರಿಗೆಯಂಥ ಹಿಕ್ಕೆ ಬಿದ್ದಿತ್ತು. ಒಂದು ತುದಿಗೆ ಸುಣ್ಣದಂಥ ಬಿಳಿ. ಕಡ್ಡಿಯಿಂದ ಒಡೆದೆ. ಒಳಗೆ ಅಚ್ಚ ಹಸಿರು.

"ಏನ್ರೀ, ಒಸಿ ಬನ್ನಿ ಇಲ್ಲಿ," ಎಂದು ಯಜಮಾನರನ್ನು ಕರೆದೆ. ಅವರು ಬಂದು ನಿಂತ ಮೇಲೆ ಭಾನು ಕ್ಯಾಲೆಂಡರಿನ ತುದಿ ಹಿಡಿದು ಮೆಲ್ಲಗೆ ಎತ್ತಿದಳು.

ಐದು ಹಲ್ಲಿ. ಒಂದೊಂದರ ಹೊಟ್ಟೆ ಹದಿನೈದು ದಿನ ನೆಂಟರ ಮನೆಯಲ್ಲಿ ಉಂಡು ಬಂದವರ ಹೊಟ್ಟೆಯ ಹಾಗೆ. ತೆಳು ಚರ್ಮದೊಳಗೆ ಹಸಿರು ಕಾಣುತ್ತಿತ್ತು. ಒಂದರ ಬಾಯಲ್ಲಿ ಅರ್ಧ ಹುಳ ಇನ್ನೂ ನೇತಾಡುತ್ತಿತ್ತು.

ಅವುಗಳಲ್ಲೇ ಅತಿ ದಪ್ಪನೆಯದು ತಲೆಯೆತ್ತಿ ಲೊಚ್ ಲೊಚ್ ಎಂದಿತು.

ಯಜಮಾನರ ಬೆರಳು ಅಭ್ಯಾಸಬಲದಿಂದ ನೆಲದ ಕಡೆಗೆ ಹೊರಟಿತು. ಅರ್ಧಕ್ಕೇ ನಿಂತಿತು.

"ಕುಟ್ಟಿ ಮಾವ," ಅಂದಳು ಭಾನು. "ಸಾಕ್ಷಿ ಹೇಳ್ತಾ ಐತೆ."

"ಕಳ್ಳ ನನ್ಮಗಂದು! ತಿನ್ನೋದು ಇದು, ಬೆಟ್ಟು ತೋರ್ಸೋದು ಹಕ್ಕಿ ಕಡಿಕೆ!" ಎಂದು ಯಜಮಾನರು ಪೊರಕೆಗೆ ಕೈಹಾಕಿದರು.

ಸಾಯಿಸಲು ಅವರಿಗೂ ಮನಸ್ಸಿಲ್ಲ. ಇಷ್ಟು ವರ್ಷ ಅದರ ಮಾತು ಕೇಳಿ ಬದುಕಿದವರು. ಐದನ್ನೂ ಬಕೆಟ್ಟಿಗೆ ಬೀಳಿಸಿ, ಮೇಲೆ ಮೊರ ಮುಚ್ಚಿ, ತೋಟದ ಆ ತುದಿಯ ಪಂಪಿನ ಮನೆಗೆ ಬಿಟ್ಟು ಬಂದರು. ಎರಡರ ಬಾಲ ಬಕೆಟ್ಟಿನಲ್ಲೇ ಉಳಿದು ಕುಣಿಯುತ್ತಿತ್ತು. ಕ್ಯಾಲೆಂಡರು ನಾವಿರುವ ಮನೆಯ ಗೋಡೆಗೆ ಹೋಯಿತು. ಅದಾದ ಮೇಲೆ ತಟ್ಟೆಯ ಅಂಚು ಖಾಲಿಯಾಗಲಿಲ್ಲ.

ಸಂಜೆ ಚೈತ್ರಾ ಫೋನು ಮಾಡಿದಳು. ಭಾನು ನಡೆದದ್ದು ಹೇಳಿದಳು.

"ಅಯ್ಯೋ ಅಕ್ಕಾ! ನಾನು ಹೇಳಿದ್ದು ನೊಣ, ಸೊಳ್ಳೆ, ಈಸಲು, ರೆಕ್ಕೆ ಇರೋ ಹುಳ! ಹಾರ್ತಾ ಇರೋದನ್ನ ಹಾರ್ತಾನೇ ಹಿಡಿಯೋ ಹಕ್ಕಿ ಅದು. ಮತ್ತೆ ಗೂಡು ಅಂದ್ರೆ ಹಕ್ಕಿದು. ರೇಷ್ಮೆ ಗೂಡನ್ನ ನೀವು ಯಾವಾಗ ಬೇಕಾದ್ರೂ ಬಿಡಿಸ್ಕೊಳ್ಳಿ. ಮಾವ ಬೈದಿದ್ದು ನನಗೆ ಮಧ್ಯಾಹ್ನದಿಂದ ತಲೇಲಿ ಓಡ್ತಾ ಇತ್ತು, ಹಕ್ಕಿ ಗೂಡಿಂದ ಚಿಟ್ಟೆ ಯಾಕೆ ಬರುತ್ತೆ ಅಂತ! ಒಬ್ಬರಿಗೆ ದುಡ್ಡು ಎರಡು ಸಲ ಎಣಿಸಿ ಕೊಟ್ಟೆ."

"ಕನ್ನಡ ಕಲ್ತ್ಕೊಂಡು ಬಾರವ್ವ," ಅಂದರು ಯಜಮಾನರು ದೂರದಿಂದಲೇ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಊಜಿ ನೊಣನೂ ತಿಂತದಾ?" ಎಂದು ನಾನು ಕೇಳಿದೆ.

"ನೊಣ ತಿನ್ನುತ್ತೆ ಅತ್ತೆ. ಊಜಿನೇ ತಿಂದಿದ್ದನ್ನ ನಾನು ನೋಡಿಲ್ಲ, ಸುಳ್ಳು ಹೇಳಲ್ಲ."

ನೋಡದ್ದನ್ನು ನೋಡಿಲ್ಲ ಎನ್ನುವ ಆ ಮಾತು ನನಗೆ ಹಿಡಿಸಿತು. ನಾನೂ ನೋಡಿಲ್ಲ.

ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಕೇಳುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಸದ್ದು ನಿಂತು, ಹುಳ ಮೈ ತಿಳಿಯಾಗಿ ಹಣ್ಣಾದವು. ಭಾನು ಗಫಾರ್‌ಗೆ ಫೋನು ಮಾಡಿದಳು. ಅವನು ಆಟೋ ತುಂಬ ಚಂದ್ರಿಕೆ ಹೇರಿಕೊಂಡು ಬಂದ. ಅಂಗಳದ ಚಪ್ಪರದ ನೆರಳಿನಲ್ಲಿ ಚಂದ್ರಿಕೆಗಳನ್ನು ಸಾಲಾಗಿ ಓರೆಗೆ ನಿಲ್ಲಿಸಿ, ಹಣ್ಣು ಹುಳವನ್ನು ಬಿಟ್ಟೆವು. ಈ ಹೊತ್ತಿನಲ್ಲಿ ಹುಳಕ್ಕೆ ಬಲೆಯ ಕಾವಲಿಲ್ಲ. ಕಾಗೆ, ಗೊರವಂಕ ಬಂದರೆ ಆರಿಸಿ ತಿನ್ನುತ್ತವೆ. ಆದ್ದರಿಂದ ಯಜಮಾನರು ಕೋಲು ಹಿಡಿದು ಕಾವಲು ಕುಳಿತರು.

ಅದೇ ದಿನ ಮರಿಗಳು ಗೂಡಿನಿಂದ ಹೊರಬಂದವು. ಗವಾಕ್ಷಿಯಿಂದ ಒಂದೊಂದಾಗಿ ಹಾರಿ, ಎಲ್ಲಿ ಕೂರುವುದೆಂದು ಗೊತ್ತಾಗದೆ ಗಾಳಿಯಲ್ಲಿ ತಡವರಿಸಿ, ಕೊನೆಗೆ ಚಂದ್ರಿಕೆಯ ಮೇಲಂಚಿನಲ್ಲೇ ಸಾಲಾಗಿ ಕುಳಿತವು. ನಾಲ್ಕು ಮರಿ. ಬಾಲ ಇನ್ನೂ ಮೋಟು. ಅವುಗಳ ಕಾಲಿನ ಪಕ್ಕದಲ್ಲೇ ನಮ್ಮ ಹಣ್ಣು ಹುಳ ತಲೆಯಾಡಿಸುತ್ತ ಹರಿಯುತ್ತಿತ್ತು.

ಯಜಮಾನರು ಕೋಲೆತ್ತಿದರು. "ಹಿಕ್ಕೆ ನೋಡಿ ನೀವು ಹೇಳಿದ್ದು ಸರಿ ಇರ್ಬೋದು ಕಣವ್ವ. ಆದ್ರೆ ಇದು ಬಯಲು. ಮರಿಗೇನು ಗೊತ್ತಾಯ್ತದೆ ಯಾವ ಹುಳ ಅಂತ? ಬೆಳೆ ನಿಂದು. ಹೇಳು, ಓಡಿಸ್ಲಾ ಬ್ಯಾಡ್ವಾ?"

ಗಫಾರ್ ಆಟೋದ ಮೇಲಿಂದ ನೋಡುತ್ತಿದ್ದ. ಹುಳದ ಮನೆಯ ಬೀಗದ ಕೈ ಇನ್ನೂ ಭಾನುವಿನ ಸೊಂಟದಲ್ಲಿ ಇರಲಿಲ್ಲ; ಅದು ಯಜಮಾನರ ಉಡಿದಾರದಲ್ಲಿತ್ತು. ಅವಳು ಸೆರಗಿನಿಂದ ಬೆವರು ಒರೆಸಿಕೊಂಡು ಚಂದ್ರಿಕೆಯ ಹತ್ತಿರ ಹೋಗಿ ನಿಂತಳು.

"ಬುಡಿ ಮಾವ. ಕೂತ್ಕೊಳ್ಲಿ."

ನಾಲ್ವರೂ ಕಣ್ಣಿಟ್ಟು ನೋಡಿದೆವು. ಒಂದು ಹುಳ ಒಂದು ಮರಿಯ ಕಾಲುಗುರಿನ ಮೇಲೇ ಹತ್ತಿತು. ಮರಿ ಕಾಲು ಕೊಡವಿ ಸ್ವಲ್ಪ ಪಕ್ಕಕ್ಕೆ ಸರಿಯಿತು, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರ ಹಾಗೆ. ಅದರ ಕಣ್ಣು ಮೇಲೆ, ಆಕಾಶದ ಕಡೆಗಿತ್ತು. ದೊಡ್ಡ ಹಕ್ಕಿ ಬೀಸಿ ಬಂದಾಗ ನಾಲ್ಕೂ ಬಾಯಿ ತೆರೆದವು. ಒಂದರ ಬಾಯಿ ತುಂಬಿತು, ಮೂರು ಬಯ್ದವು.

"ನಮ್ಮ ಹುಡುಗ್ರೂ ಹಂಗೇ," ಅಂದ ಗಫಾರ್. "ಕಾಲ್ಕೆಳಗೆ ಬಿರಿಯಾನಿ ಇದ್ರೂ ಹೋಟ್ಲಿಂದಾನೇ ಬರ್ಬೇಕು."

"ನಿನ್ನ ಹಕ್ಕಿಗೆ ಬಸ್ಸು ತಪ್ಪಿಲ್ಲ ಕಣ್ಲಾ, ಇದು ಇಲ್ಲೀದೇ," ಅಂದರು ಯಜಮಾನರು. ಆಮೇಲೆ ಚೈತ್ರಾ ಹೇಳಿದ್ದನ್ನೆಲ್ಲ ತಾವೇ ಕಂಡುಹಿಡಿದವರ ಹಾಗೆ ಅವನಿಗೆ ಹೇಳಿದರು: ಕೆಂಪು ತಿಕ, ಎದೆಯ ಗೆರೆ, ಹೂಜಿಯ ಕತ್ತು, ಹಿಮಾಲಯದ ನೆಂಟರು. ಪೃಷ್ಠ ಎಂಬ ಮಾತನ್ನು ಮಾತ್ರ ಬಿಟ್ಟರು.

ಸಂಜೆ ಒಂದು ಸಣ್ಣ ಮಳೆ ಬಂದು ನಿಂತಿತು. ತೋಟದ ಬದುವಿನಿಂದ ಈಸಲು, ರೆಕ್ಕೆ ಮೂಡಿದ ಗೆದ್ದಲು, ಹೊಗೆಯ ಹಾಗೆ ಎದ್ದವು. ಎಲ್ಲಿದ್ದವೋ, ಅದೇ ಜಾತಿಯ ಹತ್ತಾರು ಹಕ್ಕಿ ಬಂದು ಆಕಾಶ ತುಂಬಿಕೊಂಡವು. ಮರಿಗಳೂ ಎದ್ದು ಹಾರಿ, ತಪ್ಪಿ, ಮತ್ತೆ ಹಾರಿ ಹಿಡಿಯಲು ಕಲಿತವು.

"ಹುಳ ತಿಂತಾ ಅವೆ ನೋಡಮ್ಮಿ," ಅಂದರು ಯಜಮಾನರು. ನಾನು ತಿರುಗಿ ನೋಡಿದ ಮೇಲೆ ತಿದ್ದಿಕೊಂಡರು. "ಹಾರೋ ಹುಳ."

ಗೂಡು ಬಿಡಿಸಿದೆವು, ರೇಷ್ಮೆಯದು. ಮಾರ್ಕೆಟ್ಟಿಗೆ ಭಾನು ತಾನೇ ಹೋದಳು. ಮಳೆಗಾಲ ಕಳೆಯುವವರೆಗೆ ಹಕ್ಕಿಯ ಗೂಡು ಇದ್ದಲ್ಲೇ ಇತ್ತು. ಹಕ್ಕಿಗಳು ಒಳಗೆ ಬರುವುದು ನಿಲ್ಲಿಸಿ ತೋಟದ ತಂತಿಯ ಮೇಲೆ ಕಾಣಿಸಿಕೊಳ್ಳುತ್ತಿದ್ದವು. ಮುಂದಿನ ಬೆಳೆಗೆ ಸುಣ್ಣ ಬಳಿಯುವಾಗ ಭಾನು ಗೂಡಿನ ಸುತ್ತ ಒಂದು ಗೇಣು ಬಿಟ್ಟು ಬಳಿದಳು. ಗವಾಕ್ಷಿಗೆ ಬಲೆ ಹಾಕಿಸಿದಳು, ಕೊಕ್ಕೆ ಇಟ್ಟು, ಬೇಸಗೆಗೆ ಹಕ್ಕಿ ಬಂದರೆ ಎತ್ತಿಕಟ್ಟುವ ಹಾಗೆ.

ನೂರ ಎಂಟು ಕೆಜಿ ಗೂಡಾಯಿತು. ಕೆಜಿಗೆ ಐನೂರರಂತೆ ಐವತ್ತನಾಲ್ಕು ಸಾವಿರ ಬಂತು, ಖರ್ಚು ಕಳೆದು ಮೂವತ್ತೊಂಬತ್ತು ಉಳಿಯಿತು. ಒಂದು ತಟ್ಟೆಯ ಅಂಚಿನ ಹುಳ ಹಲ್ಲಿಗಳ ಪಾಲಾಯಿತು. ಹಕ್ಕಿಯ ಗೂಡಿನಲ್ಲಿ ಒಡೆಯದ ಒಂದು ಮೊಟ್ಟೆ ಉಳಿಯಿತು. ನಾಲ್ಕು ಮರಿ ಹಾರಿದವು. ಬೀಗದ ಕೈ ಈಗ ಭಾನುವಿನ ಸೊಂಟದಲ್ಲಿದೆ.